ಗಾಚಾ, ಪಿಟಿ, ರೆಸಿನ್, ಫಾರ್ಮಿಂಗ್: ‘ಉಚಿತ’ ಮೊಬೈಲ್ ಆಟದ ವಿಮರ್ಶೆಗೆ ಬೇಕಾದ ಕನ್ನಡ ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಮೊಬೈಲ್ ಆಟಗಳನ್ನು ಕುರಿತು ಕನ್ನಡದಲ್ಲಿ ಗಂಭೀರವಾದ ವಿಮರ್ಶೆ ಬರೆಯಲು ಕುಳಿತವರಿಗೆ ತೊಡಕಾಗುವ ಕೆಲವು ಪದಗಳನ್ನು ಚರ್ಚೆಗೆ ತರುತ್ತಿದ್ದೇನೆ. ಉದಾಹರಣೆಯಾಗಿ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟವನ್ನು ಆರಿಸಿಕೊಂಡಿದ್ದೇನೆ. ಶಾಂಘೈನ ಮಿಹೋಯೋ ಸಂಸ್ಥೆ ಇದನ್ನು 2020ರ ಸೆಪ್ಟೆಂಬರ್ 28ರಂದು ಬಿಡುಗಡೆ ಮಾಡಿತು. ಇದು ಆಕ್ಷನ್ ರೋಲ್‌ಪ್ಲೇಯಿಂಗ್ ಬಗೆಯ ಆಟ. ಅಂದರೆ ಪಾತ್ರಗಳನ್ನು ಬೆಳೆಸುತ್ತಾ, ಕತೆಯನ್ನು ಅನುಸರಿಸುತ್ತಾ, ಕಾದಾಟವನ್ನು ಮಾತ್ರ ಪಾಳಿಗಾಗಿ ಕಾಯದೆ ಆ ಕ್ಷಣದಲ್ಲೇ ಬೆರಳ ತುದಿಯಿಂದ ನಡೆಸುವ ಆಟ. ಇಳಿಸಿಕೊಳ್ಳುವುದಕ್ಕೆ ಹಣ ಕೊಡಬೇಕಾಗಿಲ್ಲ. ಆಟದ ಪಠ್ಯ ಥಾಯ್, ವಿಯೆಟ್ನಾಮೀಸ್, ಇಂಡೊನೇಷ್ಯನ್ ಸೇರಿದಂತೆ ಹನ್ನೆರಡಕ್ಕೂ ಹೆಚ್ಚು ಭಾಷೆಗಳಲ್ಲಿ ದೊರೆಯುತ್ತದೆಯಾದರೂ ಭಾರತದ ಭಾಷೆ ಒಂದೂ ಅದರಲ್ಲಿಲ್ಲ. ಹೀಗಾಗಿ ನಮ್ಮ ಹುಡುಗ ಹುಡುಗಿಯರು ಇದನ್ನು ಇಂಗ್ಲಿಷಿನಲ್ಲೇ ಆಡುತ್ತಾರೆ; ‘ರೆಸಿನ್ ಖಾಲಿ ಆಯ್ತು’, ‘ನಿಂದು ಪಿಟಿ ಎಷ್ಟಿದೆ’, ‘ಫಿಫ್ಟಿ ಫಿಫ್ಟಿ ಸೋತೆ’ ಎಂದು ಮಾತಾಡಿಕೊಳ್ಳುತ್ತಾರೆ. ಆಡುವವರ ನಡುವೆ ಈ ಮಾತು ಸಾಕು. ಆದರೆ ಆಡದವರಿಗೆ, ಮುಖ್ಯವಾಗಿ ಮಕ್ಕಳ ಕೈಗೆ ಫೋನು ಕೊಟ್ಟಿರುವ ತಾಯಿ ತಂದೆಯರಿಗೆ, ಈ ಆಟದ ಹೆಚ್ಚುಗಾರಿಕೆ ಎಲ್ಲಿದೆ, ಕಿರಿಕಿರಿ ಎಲ್ಲಿದೆ ಎಂದು ವಿವರಿಸುವಾಗ ಈ ಪದಗಳು ಅರ್ಥವನ್ನು ತೋರಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು.

ಮೊದಲು ಹೆಚ್ಚುಗಾರಿಕೆಯ ಮಾತು, ಏಕೆಂದರೆ ಅಲ್ಲಿ ಕನ್ನಡಕ್ಕೆ ಪದದ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಈ ಆಟದ ಕಾದಾಟ ನಿಂತಿರುವುದು ಗಾಳಿ, ಕಲ್ಲು, ಮಿಂಚು, ಹಸಿರು, ನೀರು, ಬೆಂಕಿ, ಹಿಮ ಎಂಬ ಏಳು ಶಕ್ತಿಗಳ ಮೇಲೆ. ಒಂದರ ಮೇಲೆ ಇನ್ನೊಂದು ಬಿದ್ದಾಗ ಮೂರನೆಯದೇ ಒಂದು ಪರಿಣಾಮ ಹುಟ್ಟುತ್ತದೆ. ನೀರಿನಿಂದ ತೊಯ್ದ ಶತ್ರುವಿನ ಮೇಲೆ ಹಿಮ ಎರಚಿದರೆ ಅವನು ನಿಂತಲ್ಲೇ ಹೆಪ್ಪುಗಟ್ಟುತ್ತಾನೆ. ಅದೇ ತೊಯ್ದ ಮೈಗೆ ಬೆಂಕಿ ತಾಗಿಸಿದರೆ ನೀರು ಆವಿಯಾಗಿ ಹೊಡೆತದ ಬಲ ಒಂದೂವರೆ ಪಟ್ಟಾಗುತ್ತದೆ; ಸರದಿಯನ್ನು ತಿರುಗಿಸಿ, ಉರಿಯುತ್ತಿರುವ ಮೈಗೆ ನೀರು ಹೊಡೆದರೆ ಎರಡು ಪಟ್ಟಾಗುತ್ತದೆ. ಮಳೆ ಬರುತ್ತಿದ್ದರೆ ಎಲ್ಲರೂ ತಾವಾಗಿಯೇ ತೊಯ್ದಿರುತ್ತಾರೆ, ಆಟಗಾರನ ಪಾತ್ರವೂ ಸೇರಿದಂತೆ; ಆಗ ಹಿಮದ ಶತ್ರು ಎದುರಾದರೆ ಹೆಪ್ಪುಗಟ್ಟುವ ಸರದಿ ನಮ್ಮದಾಗುತ್ತದೆ. ನಾಲ್ಕು ಪಾತ್ರಗಳನ್ನು ಯಾವ ಸರದಿಯಲ್ಲಿ ಕಣಕ್ಕೆ ತರಬೇಕು ಎಂಬ ಲೆಕ್ಕಾಚಾರದಲ್ಲಿ ನಿಜವಾದ ಬುದ್ಧಿಯ ಕೆಲಸವಿದೆ. ತೊಯ್ಯು, ಹೆಪ್ಪುಗಟ್ಟು, ಆವಿಯಾಗು, ಸಿಡಿ, ಕರಗು ಎಂಬ ನಮ್ಮ ಕ್ರಿಯಾಪದಗಳು ಇದನ್ನು ಯಾವ ಶ್ರಮವೂ ಇಲ್ಲದೆ ಹೇಳಿಬಿಡುತ್ತವೆ. ಈ ಏಳನ್ನು ಒಟ್ಟಾಗಿ ‘ಧಾತು’ ಎನ್ನಬೇಕೆ, ‘ಭೂತ’ ಎನ್ನಬೇಕೆ ಎಂಬ ಪ್ರಶ್ನೆಯಷ್ಟೇ ಉಳಿಯುತ್ತದೆ. ಪಂಚಭೂತಗಳ ಎಣಿಕೆಯೊಡನೆ ಬೆರೆಯಬಾರದೆಂಬ ಕಾರಣಕ್ಕೆ ‘ಧಾತು’ ನನಗೆ ಒಪ್ಪಿಗೆ.

ಇನ್ನೂ ಎರಡು ಗುಣಗಳನ್ನು ಹೇಳದಿದ್ದರೆ ವಿಮರ್ಶೆ ಅನ್ಯಾಯವಾಗುತ್ತದೆ. ಚೆನ್ ಯುಪೆಂಗ್ ಸಂಯೋಜಿಸಿದ ಆರಂಭದ ವರ್ಷಗಳ ಸಂಗೀತವನ್ನು ಲಂಡನ್ ಫಿಲ್‌ಹಾರ್ಮೋನಿಕ್, ಶಾಂಘೈ ಸಿಂಫನಿಯಂತಹ ವಾದ್ಯವೃಂದಗಳು ನುಡಿಸಿವೆ. ಫೋನಿನ ಆಟಕ್ಕೆ ಇಷ್ಟು ಶ್ರದ್ಧೆ ವಹಿಸುವುದು ಅಪರೂಪ. ಹಣ ಕೊಡದವರಿಗೂ ಒಳ್ಳೆಯ ಪಾತ್ರಗಳು ದೊರೆಯುತ್ತವೆ ಎಂಬುದೂ ನಿಜ. ಸ್ಪೈರಲ್ ಅಬಿಸ್ ಎಂಬ ಸವಾಲಿನ ಗೋಪುರದಲ್ಲಿ ಮೂರನೆಯ ಅಂತಸ್ತನ್ನು ಗೆದ್ದವರಿಗೆ ಪುಕ್ಕಟೆಯಾಗಿ ಸಿಗುವ ಸಿಯಾಂಗ್ಲಿಂಗ್ ಎಂಬ ಅಡುಗೆಯ ಹುಡುಗಿಯ ಪಾತ್ರ, ವರ್ಷಗಳ ನಂತರ ಬಂದ ದುಬಾರಿ ಪಾತ್ರಗಳ ಜೊತೆಯಲ್ಲೂ ಉಪಯೋಗಕ್ಕೆ ಬರುತ್ತದೆ. 2022ರ ಆಗಸ್ಟ್‌ನಲ್ಲಿ ಸೇರಿಸಿದ ಸುಮೇರು ಎಂಬ ನಾಡಿನಲ್ಲಿ ವನರಾಣ, ಅಶ್ವತ್ಥ, ವರುಣ ಮುಂತಾದ ಹೆಸರುಗಳು ಎದುರಾಗುತ್ತವೆ. ನಮಗೆ ಮನೆಮಾತಾಗಿರುವ ಈ ಶಬ್ದಗಳನ್ನು ರೋಮನ್ ಲಿಪಿಯಲ್ಲಿ ಓದಿ, ಇಂಗ್ಲಿಷ್ ಉಚ್ಚಾರಣೆಯಲ್ಲಿ ಕೇಳಿ, ಹಾಗೆಯೇ ನುಡಿಯುವ ಕನ್ನಡದ ಮಕ್ಕಳಿದ್ದಾರೆ ಎಂಬುದು ಈ ಬಳಗಕ್ಕೆ ಆಸಕ್ತಿಯ ವಿಷಯವಾಗಬಹುದು.

ತೊಡಕು ಶುರುವಾಗುವುದು ‘ಗಾಚಾ’ ಪದದಿಂದ. ಜಪಾನಿನಲ್ಲಿ ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ ಮುಚ್ಚಿದ ಗೋಲಿಯೊಳಗೆ ಆಟಿಕೆಯೊಂದು ಬೀಳುವ ಯಂತ್ರಗಳಿವೆ. ಹಿಡಿಕೆ ತಿರುಗುವ ಸದ್ದು ‘ಗಾಚಾ’, ಗೋಲಿ ಬೀಳುವ ಸದ್ದು ‘ಪೋನ್’. ಎರಡೂ ಸೇರಿ ‘ಗಾಚಾಪೋನ್’. ‘ಗರಗರ’, ‘ಟಪ್ಪನೆ’ ಎನ್ನುವ ಕನ್ನಡಕ್ಕೆ ಇಂತಹ ಅನುಕರಣ ಪದ ಪರಕೀಯವೆನಿಸದು. ಗೆನ್‌ಶಿನ್‌ನಲ್ಲೂ ಹೊಸ ಪಾತ್ರಗಳು ಮುಖ್ಯವಾಗಿ ಈ ದಾರಿಯಲ್ಲೇ ಸಿಗುತ್ತವೆ: ಯಾವುದು ಬರುತ್ತದೆ ಎಂದು ತಿಳಿಯದೆ ಒಂದೊಂದು ಸಲಕ್ಕೂ ಬೆಲೆ ತೆರಬೇಕು. ಆಟದವರು ಇದಕ್ಕೆ ಇಟ್ಟಿರುವ ಇಂಗ್ಲಿಷ್ ಹೆಸರು ‘ವಿಶ್’. ಇದನ್ನು ‘ಹಾರೈಕೆ’ ಎಂದರೆ ಕೊಡುಕೊಳ್ಳುವ ವ್ಯವಹಾರವೇ ಕಣ್ಮರೆಯಾಗುತ್ತದೆ. ‘ಹರಕೆ’ ಎನ್ನೋಣವೆಂದರೆ, ಕೋರಿದ್ದು ಈಡೇರಿದ ಮೇಲೆ ಒಪ್ಪಿಸುವುದು ಹರಕೆ. ಇಲ್ಲಿ ಒಪ್ಪಿಸಿದ ಮೇಲೂ ಈಡೇರುವ ಭರವಸೆಯಿಲ್ಲ. ‘ಲಾಟರಿ’ ಎಲ್ಲರಿಗೂ ತಿಳಿಯುವ ಪದ, ಆದರೆ ಲಾಟರಿಯಲ್ಲಿ ಗೆದ್ದರೆ ಹಣ ಬರುತ್ತದೆ. ಇಲ್ಲಿ ಬಂದದ್ದನ್ನು ಹಣವಾಗಿ ಮಾಡಿಕೊಳ್ಳಲು ಆಟದೊಳಗೆ ದಾರಿಯೇ ಇಲ್ಲ. ‘ಜೂಜು’ ಎಂದರೆ ತೀರ್ಪನ್ನು ಮೊದಲೇ ಕೊಟ್ಟಂತಾಗುತ್ತದೆ, ಮತ್ತು ಕಾನೂನು ಇದನ್ನು ದೇಶಕ್ಕೊಂದು ಬಗೆಯಲ್ಲಿ ನೋಡುತ್ತಿದೆ. ‘ಚೀಟಿ ಎತ್ತುವುದು’ ಎಂಬ ನುಡಿಗಟ್ಟು ನನಗೆ ಹತ್ತಿರವೆನಿಸಿದೆ. ಆದರೆ ನಮ್ಮ ಕಡೆ ‘ಚೀಟಿ’ ಎಂದೊಡನೆ ತಿಂಗಳ ಚೀಟಿಯ ನೆನಪೂ ಬರುತ್ತದೆ, ಅದರಲ್ಲಿ ಒಂದಲ್ಲ ಒಂದು ತಿಂಗಳು ಎಲ್ಲರಿಗೂ ಹಣ ಬಂದೇ ಬರುತ್ತದೆ. ಆ ಖಾತರಿಯ ಛಾಯೆ ಇಲ್ಲಿ ಅರ್ಧ ಮಾತ್ರ ಸರಿ.

ಅರ್ಧ ಎಂದದ್ದು ಏಕೆಂದರೆ ಮುಂದಿನ ಪದ ‘ಪಿಟಿ’. ಐದು ನಕ್ಷತ್ರದ, ಅಂದರೆ ಅತಿ ಅಪರೂಪದ ದರ್ಜೆಯ ಪಾತ್ರವೊಂದು ಒಂದು ಸಲ ಎತ್ತಿದಾಗ ಸಿಗುವ ಸಂಭವ ನೂರಕ್ಕೆ 0.6. ಎಂಬತ್ತೊಂಬತ್ತು ಸಲ ಎತ್ತಿದರೂ ಸಿಗದಿದ್ದರೆ ತೊಂಬತ್ತನೆಯ ಸಲ ಸಿಕ್ಕೇ ಸಿಗುತ್ತದೆ; ಸುಮಾರು 74ರ ನಂತರ ಸಂಭವ ಏರುತ್ತಾ ಹೋಗುತ್ತದೆ ಎಂದು ಆಟಗಾರರು ಲೆಕ್ಕ ಹಾಕಿದ್ದಾರೆ. ಆದರೆ ಹಾಗೆ ಸಿಕ್ಕಿದ್ದು ನಾವು ಬಯಸಿದ ಪಾತ್ರವೇ ಆಗಿರಬೇಕಿಲ್ಲ. ಅದಕ್ಕೆ ಇರುವ ಅವಕಾಶ ಮೂಲ ನಿಯಮದಲ್ಲಿ ಸರಿಸುಮಾರು ಅರ್ಧ; ಆಟಗಾರರ ‘ಫಿಫ್ಟಿ ಫಿಫ್ಟಿ’ ಇದೇ. 2024ರಲ್ಲಿ ಅದನ್ನು ತುಸು ಸಡಿಲಿಸಿದ್ದಾರೆ. ಮೊದಲ ಸಲ ತಪ್ಪಿದರೆ ಎರಡನೆಯ ಸಲ ಖಾತರಿ. ಅಂದರೆ ತೀರ ಕೆಟ್ಟ ಅದೃಷ್ಟದವರು 180 ಸಲ ಎತ್ತಬೇಕು. ಒಂದು ಸಲ ಎತ್ತಲು 160 ಪ್ರೈಮೊಜೆಮ್ ಎಂಬ ಹರಳು ಬೇಕು, ಒಟ್ಟು 28,800. ದಿನದ ನಾಲ್ಕು ಚಿಕ್ಕ ಕೆಲಸಗಳನ್ನು ಮುಗಿಸಿದರೆ ಸಿಗುವುದು 60 ಹರಳು. ಅದೊಂದನ್ನೇ ನೆಚ್ಚಿಕೊಂಡರೆ 480 ದಿನಗಳಾಗುತ್ತವೆ. ಕತೆ, ಅಲೆದಾಟ, ಹಬ್ಬದ ವಿಶೇಷಗಳು ಇವುಗಳಿಂದಲೂ ಹರಳು ಬರುವುದರಿಂದ ನಿಜವಾದ ಕಾಲ ಇದಕ್ಕಿಂತ ಸಾಕಷ್ಟು ಕಡಿಮೆ ಎಂಬುದನ್ನೂ ಹೇಳಬೇಕು. ಆದರೆ ಆಟ ಸುಮಾರು ಆರು ವಾರಕ್ಕೊಮ್ಮೆ ಹೊಸ ಆವೃತ್ತಿಯನ್ನು ತರುತ್ತದೆ, ಪ್ರತಿ ಆವೃತ್ತಿಯಲ್ಲೂ ಬೇರೆ ಪಾತ್ರಗಳನ್ನು ಮುಂದಿಡುತ್ತದೆ. ಕಾಯುವವರ ತಾಳ್ಮೆ ಪರೀಕ್ಷೆಗೆ ಒಳಗಾಗುವುದು ಇಲ್ಲೇ.

ಈ ಖಾತರಿಯ ಲೆಕ್ಕವನ್ನೇ ಇಂಗ್ಲಿಷ್ ಆಟಗಾರರು ‘ಪಿಟಿ’, ಅಂದರೆ ಕನಿಕರ, ಎನ್ನುತ್ತಾರೆ. ಜಪಾನಿನ ಆಟಗಾರರು ಇದಕ್ಕೆ ‘ತೆಂಜೋ’ ಎನ್ನುತ್ತಾರೆ, ಅರ್ಥ ಒಳಛಾವಣಿ: ಖರ್ಚು ಇದಕ್ಕಿಂತ ಮೇಲೆ ಏರದು. ಚೀನೀಯರು ‘ಬಾವ್‌ದಿ’ ಎನ್ನುತ್ತಾರೆ, ಅರ್ಥ ಖಾತರಿಯ ತಳ: ಇದಕ್ಕಿಂತ ಕೆಳಗೆ ಬೀಳುವುದಿಲ್ಲ. ಒಂದೇ ನಿಯಮವನ್ನು ಒಂದು ಭಾಷೆ ದಯೆಯೆಂದು, ಇನ್ನೊಂದು ಮೇಲ್ಮಿತಿಯೆಂದು, ಮತ್ತೊಂದು ಆಧಾರವೆಂದು ಕಂಡಿದೆ. ‘ಕನಿಕರ’ ಎಂದು ನಾವು ಅನುವಾದಿಸಿದರೆ, ಬೆಲೆಯ ಒಂದು ಕರಾರನ್ನು ಮಾರುವವನ ಕರುಣೆಯೆಂದು ಒಪ್ಪಿಕೊಂಡಂತೆ ಆಗುತ್ತದೆ. ಅದನ್ನು ನಾನು ಒಪ್ಪಲಾರೆ. ‘ಖಾತರಿ ಎಣಿಕೆ’ ಎಂದು ಸೂಚಿಸುತ್ತೇನೆ. ‘ನಿನ್ನ ಖಾತರಿ ಎಣಿಕೆ ಎಷ್ಟಕ್ಕೆ ಬಂತು?’ ಎಂದು ಕೇಳಿದರೆ ಆಡದವರಿಗೂ ವಿಷಯ ಹೊಳೆಯುತ್ತದೆ. ಒಂದು ಪಾತ್ರದ ಅವಧಿ ಮುಗಿದರೂ ಈ ಎಣಿಕೆ ಅದೇ ಬಗೆಯ ಮುಂದಿನ ಅವಧಿಗೆ ದಾಟುತ್ತದೆ, ಮತ್ತೆ ಸೊನ್ನೆಯಾಗುವುದಿಲ್ಲ. ಆಟದ ಪರವಾಗಿ ಹೇಳಬಹುದಾದ ಒಳ್ಳೆಯ ಅಂಶವಿದು.

ಬೆಲೆಯ ವಿಷಯದಲ್ಲಿ ಇನ್ನೊಂದು ಮುಸುಕಿದೆ. ರೂಪಾಯಿ ಕೊಟ್ಟರೆ ಮೊದಲು ಒಂದು ಬಗೆಯ ಸ್ಫಟಿಕ ಬರುತ್ತದೆ, ಸ್ಫಟಿಕವನ್ನು ಹರಳಾಗಿ, ಹರಳನ್ನು ಟೋಕನ್ ಆಗಿ ಬದಲಾಯಿಸಿ, ಆ ಟೋಕನ್ ಕೊಟ್ಟು ಎತ್ತಬೇಕು. ಮೂರು ಬಾರಿ ಕೈಬದಲಾಗುವಷ್ಟರಲ್ಲಿ ಒಂದು ಸಲ ಎತ್ತಲು ಎಷ್ಟು ರೂಪಾಯಿ ಎಂಬ ಲೆಕ್ಕ ಹದಿಹರೆಯದವರ ಮನಸ್ಸಿನಿಂದ ಜಾರಿರುತ್ತದೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ ಈ ಆಟದ ಮೇಲೆ ಮಾಡಿದ ಆರೋಪಗಳಲ್ಲಿ ಈ ಗೊಂದಲವೂ ಒಂದು. 2025ರ ಜನವರಿಯಲ್ಲಿ ಆಟದ ಸಂಸ್ಥೆ 2 ಕೋಟಿ ಡಾಲರ್ ತೆರಲು ಮತ್ತು ಹದಿನಾರು ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಇಂತಹ ಮುಚ್ಚಿದ ಬಹುಮಾನಗಳನ್ನು ಮಾರದಿರಲು ಒಪ್ಪಿಕೊಂಡಿತು. ಇಂತಹ ಸುದ್ದಿ ಕನ್ನಡಕ್ಕೆ ಬರುವಾಗ ‘ಲೂಟ್ ಬಾಕ್ಸ್’ ಎಂಬುದನ್ನು ‘ಲೂಟಿ ಪೆಟ್ಟಿಗೆ’ ಎಂದು ಬರೆದರೆ ಯಾರು ಯಾರನ್ನು ಲೂಟಿ ಮಾಡಿದರು ಎಂದೇ ತಿಳಿಯದು. ‘ಮುಚ್ಚಿದ ಪೆಟ್ಟಿಗೆ’ ಎಂದರೆ ಸಾಕಲ್ಲವೆ?

ಇನ್ನು ‘ರೆಸಿನ್’. ಪದಶಃ ಇದು ‘ರಾಳ’. ಪಾತ್ರಗಳ ಬಲ ಹೆಚ್ಚಿಸುವ ಬಹುತೇಕ ಸಾಮಗ್ರಿಯನ್ನು ಪಡೆಯಲು ರಾಳ ವ್ಯಯಿಸಬೇಕು. ಎಂಟು ನಿಮಿಷಕ್ಕೆ ಒಂದರಂತೆ ಅದು ತಾನಾಗಿ ತುಂಬುತ್ತದೆ. ಹಿಡಿದಿಡಬಹುದಾದ ಮಿತಿ ಮೊದಲು 120 ಇತ್ತು, ಬಳಿಕ 160 ಆಗಿ, 2024ರಲ್ಲಿ 200ಕ್ಕೆ ಏರಿತು. ಮಿತಿ ಮುಟ್ಟಿದ ಮೇಲೆ ತುಂಬುವುದು ನಿಂತುಹೋಗುತ್ತದೆ. ಆದ್ದರಿಂದ ಒಂದು ದಿನ ಆಡದಿದ್ದರೆ ನಷ್ಟವಾಯಿತೆಂಬ ಭಾವನೆ ಉಳಿಯುತ್ತದೆ. ಆಡಲು ಇನ್ನೂ ಮನಸ್ಸಿರುವ ದಿನ ಅದೇ ಮಿತಿ ಅಡ್ಡ ಬರುತ್ತದೆ. ಬೇರೆ ಆಟಗಳಲ್ಲಿ ಇಂತಹ ವ್ಯವಸ್ಥೆಗೆ ‘ಸ್ಟ್ಯಾಮಿನಾ’ ಎನ್ನುತ್ತಾರೆ. ಇಲ್ಲಿ ಸ್ಟ್ಯಾಮಿನಾ ಬೇರೆಯೇ ಇದೆ: ಓಡಲು, ಬಂಡೆ ಏರಲು, ಈಜಲು ಬೇಕಾದ ದಮ್ಮು ಅದು. ಹಾಗಾಗಿ ‘ದಮ್ಮು’, ‘ಕಸುವು’ ಮುಂತಾದ ಪದಗಳನ್ನು ರೆಸಿನ್‌ಗೆ ಬಳಸಲು ಬರುವುದಿಲ್ಲ. ‘ಪಡಿ’ ಪದವನ್ನು ಬಳಸಬಹುದೇ ಎಂದು ಕೇಳುತ್ತಿದ್ದೇನೆ. ಅಳೆದು ಕೊಡುವ ದಿನದ ಪಾಲು ಎಂಬ ಅರ್ಥ ಅದರಲ್ಲಿದೆ, ‘ಪಡಿತರ’ದಿಂದಾಗಿ ಇಂದಿಗೂ ಜೀವಂತವಾಗಿದೆ. ‘ಇವತ್ತಿನ ಪಡಿ ಮುಗಿಯಿತು’ ಎಂದರೆ ಆಟದ ನಿಯಮ ಒಂದೇ ಮಾತಿನಲ್ಲಿ ತಿಳಿಯುತ್ತದೆ.

ಪಡಿಯನ್ನು ವ್ಯಯಿಸುವ ಕೆಲಸದ ಹೆಸರೇ ‘ಫಾರ್ಮಿಂಗ್’. ಪ್ರತಿ ಪಾತ್ರಕ್ಕೂ ಹೂವು, ಗರಿ, ಮರಳುಗಡಿಯಾರ, ಬಟ್ಟಲು, ಕಿರೀಟ ಎಂಬ ಐದು ತೊಡುಗೆಗಳು ಬೇಕು. ಒಂದು ಸಲದ ಪ್ರಯತ್ನಕ್ಕೆ 20 ರಾಳ, ಅಂದರೆ ಎರಡು ಗಂಟೆ ನಲವತ್ತು ನಿಮಿಷದ ಕಾಯುವಿಕೆ. ಅಲ್ಲಿ ಸಿಗುವುದು ಎರಡು ಬಗೆಯ ತೊಡುಗೆಗಳಲ್ಲಿ ಯಾವುದಾದರೂ ಒಂದು, ಅದೂ ಐದರಲ್ಲಿ ಯಾವುದು ಎಂಬುದು ಅದೃಷ್ಟ. ಬೇಕಾದ ಬಟ್ಟಲೇ ಸಿಕ್ಕಿತು ಎನ್ನೋಣ. ಅದರ ಮುಖ್ಯ ಗುಣ ಬೆಂಕಿಯ ಪಾತ್ರಕ್ಕೆ ಬೆಂಕಿಯದೇ ಆಗಿರಬೇಕು, ಆ ಸಂಭವ ನೂರಕ್ಕೆ ಐದರಷ್ಟು ಎಂದು ಆಟಗಾರರು ಲೆಕ್ಕ ಹಾಕಿದ್ದಾರೆ. ಅದೂ ಕೂಡಿಬಂದರೆ ಇಪ್ಪತ್ತನೆಯ ಮಟ್ಟದವರೆಗೆ ಬೆಳೆಸುವಾಗ ಪ್ರತಿ ನಾಲ್ಕು ಮಟ್ಟಕ್ಕೊಮ್ಮೆ ಉಪಗುಣವೊಂದು ಏರುತ್ತದೆ. ಎಲ್ಲ ಏರಿಕೆಯೂ ಕೆಲಸಕ್ಕೆ ಬಾರದ ರಕ್ಷಣೆಯ ಅಂಕಿಗೆ ಹೋಗಿ ಸೇರಿದರೆ ವಾರಗಳ ದುಡಿಮೆ ವ್ಯರ್ಥ. ಪಾತ್ರ ಸಿಗದಿರುವುದಕ್ಕಿಂತ ಇದೇ ದೊಡ್ಡ ಕಿರಿಕಿರಿ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಪಾತ್ರಕ್ಕೆ ಖಾತರಿಯ ಎಣಿಕೆಯಾದರೂ ಇದೆ, ಈ ದುಡಿಮೆಗೆ ಅಂತಹ ಭದ್ರವಾದ ಎಣಿಕೆಯಿಲ್ಲ.

ಈ ದುಡಿಮೆಗೆ ಹಳೇ ಮೈಸೂರು ಸೀಮೆಯ ‘ಗೇಮೆ’ ಹೊಂದುತ್ತದೆ ಎಂದು ನನಗೆ ಅನಿಸಿದೆ. ‘ಗೆಯ್ಮೆ’ಯಿಂದ ಬಂದ ಈ ಪದಕ್ಕೆ ಹೊಲದ ಕೆಲಸ, ಬಿಡುವಿಲ್ಲದ ದುಡಿತ ಎಂಬ ಎರಡು ಅರ್ಥವೂ ಇದೆ, ಇಂಗ್ಲಿಷಿನ ‘ಫಾರ್ಮ್’, ‘ಗ್ರೈಂಡ್’ ಎರಡನ್ನೂ ಒಂದೇ ಪದ ಹೊರುತ್ತದೆ. ಆದರೆ ಬರವಣಿಗೆಯಲ್ಲಿ ‘ಗೇಮ್’ ಪದದೊಡನೆ ಗೊಂದಲವಾದೀತೆಂಬ ಅಳುಕಿದೆ. ‘ಗೆಯ್ಮೆ’ ಎಂಬ ಹಳೆಯ ರೂಪವನ್ನೇ ಬರೆದರೆ ಓದುಗರಿಗೆ ದೂರವಾದೀತೆ?

ಕೊನೆಯದು ‘ಉಚಿತ’. ಸಂಸ್ಕೃತದಲ್ಲಿ ‘ತಕ್ಕದ್ದು’ ಎಂಬ ಅರ್ಥವಿರುವ ಈ ಪದ ಕನ್ನಡದಲ್ಲಿ ‘ಬೆಲೆಯಿಲ್ಲದ್ದು’ ಎಂಬ ಅರ್ಥದಲ್ಲಿ ನೆಲೆಯೂರಿದೆ. ‘ಉಚಿತ ಆಟ’ ಎಂದರೆ ಪೂರ್ತಿ ಖರ್ಚಿಲ್ಲದ ಆಟವೆಂಬ ಭ್ರಮೆ ಹುಟ್ಟುತ್ತದೆ. ‘ಬಿಟ್ಟಿ’ ಪದಕ್ಕೆ ಮಾತ್ರ ಎರಡು ಮುಖ. ‘ವಿಷ್ಟಿ’ಯ ತದ್ಭವವಾಗಿ ಅದು ಕೂಲಿಯಿಲ್ಲದ ದುಡಿಮೆಯನ್ನು ಹೇಳುತ್ತದೆ, ಬಳಕೆಯಲ್ಲಿ ಬೆಲೆ ಕೊಡದೆ ಪಡೆದದ್ದನ್ನೂ ಹೇಳುತ್ತದೆ. ಹಣ ಕೊಡದೆ ಗೇಮೆಯಿಂದಲೇ ಮುಂದುವರಿಯುವ ಆಟಗಾರನ ಸ್ಥಿತಿಗೆ ಎರಡು ಅರ್ಥವೂ ಒಪ್ಪುತ್ತವೆ. ಆದರೆ ‘ಬಿಟ್ಟಿ ಆಟಗಾರ’ ಎಂದರೆ ತಿರಸ್ಕಾರ ಧ್ವನಿಸುತ್ತದೆ, ಹಣ ಕೊಡದೆ ಜಾಣತನದಿಂದ ಆಡುವವರನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ‘ಪ್ರವೇಶ ಉಚಿತ’ ಎಂಬ ಫಲಕದ ಮಾದರಿಯಲ್ಲಿ ‘ಪ್ರವೇಶ ಉಚಿತ ಆಟ’ ಎಂದು ಸದ್ಯಕ್ಕೆ ಬರೆಯುತ್ತಿದ್ದೇನೆ.

ಚೀಟಿ ಎತ್ತುವುದು, ಖಾತರಿ ಎಣಿಕೆ, ಪಡಿ, ಗೇಮೆ, ಪ್ರವೇಶ ಉಚಿತ: ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದಕ್ಕೆ ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆ ಬಳಕೆಯಲ್ಲಿದೆ ಎಂದು ತಿಳಿಸಬೇಕೆಂದು ಕೋರುತ್ತೇನೆ. ಮುಖ್ಯವಾಗಿ ‘ಗೇಮೆ’ಗೆ ಸಮನಾಗಿ ಧಾರವಾಡ, ಕಲಬುರಗಿ, ಕರಾವಳಿ ಸೀಮೆಗಳಲ್ಲಿ ಯಾವ ಪದವಿದೆ, ಮತ್ತು ‘ಪಡಿ’ ಎಂದೊಡನೆ ಅಲ್ಲಿನವರಿಗೆ ದಿನದ ಪಾಲು ಎಂಬ ಅರ್ಥವೇ ಮೊದಲು ಹೊಳೆಯುತ್ತದೆಯೇ ಎಂಬುದನ್ನು ಬಲ್ಲವರು ಬರೆದರೆ ಉಪಕಾರವಾಗುತ್ತದೆ.