ಲೈಂಗಿಕತೆ ತಿಳಿಯಲು ಯಾವ ಪುಸ್ತಕ, ಯಾವ ಪಾಡ್‌ಕಾಸ್ಟ್, ಯಾವ ಸೀರೀಸ್? – ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಹುಡುಕಿದರೆ ನೂರಾರು ಹೆಸರು ಬರುತ್ತವೆ. ಒಂದೇ ಒಂದು ಪುಸ್ತಕದಿಂದ ಶುರು ಮಾಡಿ ಅಂದರೆ ಯಾವುದನ್ನು ಹೇಳ್ತೀರಿ? ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಆಸಕ್ತಿ ಕಡಿಮೆ ಅನ್ನೋದು ಸಮಸ್ಯೆ.

ಉತ್ತರ (ಲೈಂಗಿಕ ಚಿಕಿತ್ಸಕಿ): ಲೈಂಗಿಕ ಶಿಕ್ಷಣ ತಜ್ಞೆ ಎಮಿಲಿ ನಗೋಸ್ಕಿ ಅವರ 'ಕಮ್ ಆ್ಯಸ್ ಯು ಆರ್'. ಮೊದಲು ಬಂದಿದ್ದು 2015ರಲ್ಲಿ. 2021ರ ಪರಿಷ್ಕೃತ ಆವೃತ್ತಿಯನ್ನೇ ತೆಗೆದುಕೊಳ್ಳಿ.

ಇದರ ಬೆನ್ನೆಲುಬು ಸಂಶೋಧಕರಾದ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಜಾನ್ಸೆನ್ ರೂಪಿಸಿದ ಒಂದು ಮಾದರಿ. ಕಾಮೋದ್ರೇಕಕ್ಕೆ ಮಿದುಳಿನಲ್ಲಿ ಎರಡು ವ್ಯವಸ್ಥೆ: ಒಂದು ಆ್ಯಕ್ಸಿಲರೇಟರ್, ಇನ್ನೊಂದು ಬ್ರೇಕ್. ಆಸಕ್ತಿ ಇಲ್ಲ ಅಂದ ತಕ್ಷಣ ಎಲ್ಲರೂ ಆ್ಯಕ್ಸಿಲರೇಟರ್ ತುಳಿಯೋಕೆ ಹೋಗ್ತಾರೆ: ಹೊಸ ಉಡುಪು, ಹೊಸ ಭಂಗಿ, ಪ್ರವಾಸ. ಬ್ರೇಕ್ ಮೇಲಿನ ಕಾಲು ಮಾತ್ರ ಹಾಗೇ ಇರುತ್ತದೆ. ನಿದ್ದೆಗೇಡು, ಮನೆಕೆಲಸದ ಹೊರೆ, ತನ್ನ ಮೈ ಬಗ್ಗೆಯೇ ನಾಚಿಕೆ, ಮಗು ಏಳಬಹುದೆಂಬ ಭಯ, ಹಿಂದೆ ಆದ ನೋವು. ಗಾಡಿ ಮುಂದೆ ಹೋಗದಿರೋದು ಇದರಿಂದ.

ಪುಸ್ತಕದಲ್ಲಿ ತುಂಬಿಸಬೇಕಾದ ವರ್ಕ್‌ಶೀಟ್‌ಗಳಿವೆ. ಹೆಚ್ಚಿನವರು ಅದನ್ನೇ ಹಾರಿಸಿಬಿಡ್ತಾರೆ, ನಿಜವಾದ ಕೆಲಸ ಆಗೋದು ಅಲ್ಲೇ. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ತುಂಬಿಸಿ. ಒಂದು ಒಳ್ಳೆಯ ಅನುಭವ, ಒಂದು ನೀರಸ ಅನುಭವ ನೆನಪಿಸಿಕೊಂಡು ಸುತ್ತಲಿನ ಸಂದರ್ಭ ಏನಿತ್ತು ಅಂತ ಬರೆಯಿರಿ. ಆಮೇಲೆ ಹಾಳೆ ಬದಲಾಯಿಸಿಕೊಳ್ಳಿ. ಒಬ್ಬರು ಓದಿ ಇನ್ನೊಬ್ಬರಿಗೆ "ನೋಡು, ನಿನ್ನ ಬ್ರೇಕ್ ಜಾಸ್ತಿ" ಅಂತ ತೀರ್ಪು ಕೊಟ್ಟರೆ ಪುಸ್ತಕವೇ ಇನ್ನೊಂದು ಬ್ರೇಕ್ ಆಗುತ್ತದೆ.

ಇನ್ನೊಂದು ಅಧ್ಯಾಯ ಬಿಡಲೇಬೇಡಿ: ಮೈಯ ಪ್ರತಿಕ್ರಿಯೆ ಒಂದು, ಮನಸ್ಸಿನ ಬಯಕೆ ಇನ್ನೊಂದು. ಮೆರೆಡಿತ್ ಚಿವರ್ಸ್ ಮತ್ತು ಸಂಗಡಿಗರು 2010ರಲ್ಲಿ 132 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಜನನಾಂಗದ ಪ್ರತಿಕ್ರಿಯೆಗೂ ವ್ಯಕ್ತಿ ಹೇಳುವ ಉದ್ರೇಕಕ್ಕೂ ಇರುವ ಸಹಸಂಬಂಧ ಗಂಡಸರಲ್ಲಿ 0.66, ಹೆಂಗಸರಲ್ಲಿ 0.26 ಇತ್ತು (ಎರಡೂ ಪೂರ್ತಿ ಹೊಂದಿಕೆಯಾದರೆ 1). ಅಂದರೆ ಯೋನಿ ಒದ್ದೆಯಾಯಿತು ಅಂದ ಮಾತ್ರಕ್ಕೆ ಇಷ್ಟವಿದೆ ಅಂತಲ್ಲ, ಒಣಗಿದೆ ಅಂದರೆ ಇಷ್ಟವಿಲ್ಲ ಅಂತಲೂ ಅಲ್ಲ. ಇಷ್ಟ ಇದೆಯೋ ಇಲ್ಲವೋ ತಿಳಿಯೋಕೆ ಬಾಯಿಬಿಟ್ಟು ಕೇಳಬೇಕು. ಒಣಗಿದ್ದರೆ ಲೂಬ್ರಿಕೆಂಟ್ (ಜಾರಿಕೆ ಕೊಡುವ ದ್ರವ) ಬಳಸಿ. ಲ್ಯಾಟೆಕ್ಸ್ ಕಾಂಡೋಮ್ ಜೊತೆ ನೀರು ಅಥವಾ ಸಿಲಿಕೋನ್ ಆಧಾರಿತದ್ದು ಮಾತ್ರ. ಎಣ್ಣೆ, ವ್ಯಾಸಲೀನ್ ತಗುಲಿದರೆ ಲ್ಯಾಟೆಕ್ಸ್ ಬಲ ಕಳೆದುಕೊಂಡು ಹರಿಯುತ್ತದೆ. ನೋವಿದ್ದರೆ ಪುಸ್ತಕ ಬದಿಗಿಟ್ಟು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.

ಪ್ರಶ್ನೆ: ಅದು ಹೆಂಗಸರ ಪುಸ್ತಕ ಅಲ್ವಾ? ಗಂಡಸರಿಗೆ?

ಉತ್ತರ (ಲೈಂಗಿಕ ಚಿಕಿತ್ಸಕಿ): ಬರೆದದ್ದು ಹೆಂಗಸರನ್ನು ಮುಂದಿಟ್ಟುಕೊಂಡು, ನಿಜ. ಬ್ರೇಕ್ ಇರೋದು ಇಬ್ಬರಿಗೂ. ಗಂಡಸರಿಗೆಂದೇ ಬೇಕಾದರೆ ಬರ್ನಿ ಜಿಲ್ಬರ್‌ಗೆಲ್ಡ್ ಅವರ 'ದ ನ್ಯೂ ಮೇಲ್ ಸೆಕ್ಶುಯಾಲಿಟಿ'. ಗಂಡಸು ಯಾವಾಗಲೂ ಸಿದ್ಧ, ಸುಖ ಅಂದರೆ ಸಂಭೋಗವೇ, ಇಂಥ ಕಟ್ಟುಕತೆಗಳನ್ನು ಒಂದೊಂದಾಗಿ ಬಿಡಿಸಿಡುತ್ತದೆ. 1992ರ ಮೊದಲ ಆವೃತ್ತಿ ಬೇಡ. ನಿಮಿರುವಿಕೆಗೆ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ಬಂದಿದ್ದೇ 1998ರಲ್ಲಿ. 1999ರ ಪರಿಷ್ಕೃತ ಮುದ್ರಣ ಹುಡುಕಿ.

ಪ್ರಶ್ನೆ: ಸರ್, ಕೆಲವು ಪಾಡ್‌ಕಾಸ್ಟ್‌ಗಳಲ್ಲಿ ಅರ್ಧ ಗಂಟೆ ಮಾಡೋದು ಹೇಗೆ, ಗಾತ್ರ ಹೆಚ್ಚಿಸೋದು ಹೇಗೆ ಅಂತ ಹೇಳ್ತಾರೆ. ನಂಬಬಹುದಾ?

ಉತ್ತರ (ಮೂತ್ರರೋಗ ತಜ್ಞ): ಗಾತ್ರ ಹೆಚ್ಚಿಸುವ ಮಾತು ಬಂದ ಕ್ಷಣ ಆ ಪಾಡ್‌ಕಾಸ್ಟ್ ಆಫ್ ಮಾಡಿ. ಹಿಂದೆಯೇ ಪೌಡರ್ರೋ ಕ್ಯಾಪ್ಸೂಲೋ ಮಾರಾಟಕ್ಕೆ ಇರುತ್ತದೆ. ಹದಿನೈದು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆ ಸೇರಿಸಿ 2015ರಲ್ಲಿ ಬಂದ ವಿಶ್ಲೇಷಣೆಯಲ್ಲಿ ನಿಮಿರಿದ ಶಿಶ್ನದ ಸರಾಸರಿ ಉದ್ದ 13.12 ಸೆಂ.ಮೀ. ಪೋರ್ನ್ ನೋಡಿ ಮನಸ್ಸಿನಲ್ಲಿ ಕೂತ ಅಳತೆಗೂ ಇದಕ್ಕೂ ಸಂಬಂಧವೇ ಇಲ್ಲ.

ಸಮಯದ ಲೆಕ್ಕ ಕೂಡ ಹಾಗೇ. ಐದು ದೇಶಗಳ 500 ಜೋಡಿಗಳಿಗೆ ಸ್ಟಾಪ್‌ವಾಚ್ ಕೊಟ್ಟು ಅಳೆದ 2005ರ ಅಧ್ಯಯನದಲ್ಲಿ, ಯೋನಿಪ್ರವೇಶದಿಂದ ಸ್ಖಲನದವರೆಗಿನ ಸಮಯದ ಮಧ್ಯಾಂಕ 5.4 ನಿಮಿಷ, ಅಂದರೆ ಅರ್ಧದಷ್ಟು ಜನರದ್ದು ಇದಕ್ಕಿಂತ ಕಡಿಮೆ. ಮೊದಲಿನಿಂದಲೂ ಸುಮಾರು ಒಂದು ನಿಮಿಷದೊಳಗೇ ಆಗುತ್ತಿದ್ದು, ತಡೆಯಲು ಆಗದೆ, ಅದರಿಂದ ಸಂಕಟವೂ ಇದ್ದರೆ ಅದು ಶೀಘ್ರಸ್ಖಲನ. ನಾಲ್ಕು ನಿಮಿಷ ಕಾಯಿಲೆಯಲ್ಲ.

ನಿಜವಾಗಿ ಶೀಘ್ರಸ್ಖಲನ ಇರುವವರು ಜೇಮ್ಸ್ ಸೀಮನ್ಸ್ 1956ರಲ್ಲಿ ವಿವರಿಸಿದ ನಿಲ್ಲಿಸಿ-ಮುಂದುವರಿಸುವ ಅಭ್ಯಾಸ ಮಾಡಬಹುದು. ಮೊದಲು ಒಬ್ಬರೇ, ಕೈಯಿಂದ. ತಡೆಯಲಾಗದ ಹಂತಕ್ಕೆ ಸ್ವಲ್ಪ ಮುಂಚೆ ಪೂರ್ತಿ ನಿಲ್ಲಿಸಿ, ಒತ್ತಡ ಇಳಿಯುವವರೆಗೆ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಕಾಯಿರಿ. ಹೀಗೆ ಮೂರು ಸಲ, ನಾಲ್ಕನೆಯದಕ್ಕೆ ಬಿಟ್ಟುಬಿಡಿ. ಕೆಲವು ವಾರ ಆದಮೇಲೆ ಸಂಗಾತಿಯ ಕೈಯಿಂದ, ಆಮೇಲೆ ಸಂಭೋಗದಲ್ಲಿ. ಕೆಡುವುದು ಎಲ್ಲಿ ಅಂದರೆ ತೀರಾ ತಡವಾಗಿ ನಿಲ್ಲಿಸೋದರಲ್ಲಿ. ಹತ್ತಕ್ಕೆ ಏಳು ಅನ್ನಿಸಿದಾಗಲೇ ನಿಲ್ಲಿಸಬೇಕು, ಒಂಬತ್ತರಲ್ಲಿ ನಿಲ್ಲಿಸಿದರೆ ಸ್ಖಲನ ನಿಲ್ಲೋದಿಲ್ಲ. ಲೆಕ್ಕ ಹಾಕುತ್ತಾ ಗಮನ ಬೇರೆಡೆ ತಿರುಗಿಸುವ ಹಳೇ ಉಪಾಯ ಬೇಡ. ಮೈಯ ಸೂಚನೆ ಗುರುತಿಸಲು ಕಲಿಯಬೇಕಾದ ಹೊತ್ತಿನಲ್ಲಿ ಅದು ಗಮನವನ್ನೇ ಕಿತ್ತುಕೊಳ್ಳುತ್ತದೆ.

ನಿಮಿರುವಿಕೆ ನಿಧಾನವಾಗಿ ಕಡಿಮೆಯಾಗಿ, ಬೆಳಗ್ಗೆ ಎದ್ದಾಗಲೂ ಬರದಿದ್ದರೆ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು, ತೊಂದರೆ ಅಲ್ಲಿ ಮೊದಲು ಕಾಣಿಸಿಕೊಳ್ಳಬಹುದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.

ಪ್ರಶ್ನೆ: ಓದೋ ಅಭ್ಯಾಸ ಇಲ್ಲ. 'ಸೆಕ್ಸ್ ಎಜುಕೇಶನ್' ಸೀರೀಸ್ ನೋಡಿದರೆ ಸಾಕಾ?

ಉತ್ತರ (ಲೈಂಗಿಕ ಚಿಕಿತ್ಸಕಿ): ಮಾತು ಶುರು ಮಾಡೋಕೆ ಸಾಕು, ಕಲಿಯೋಕೆ ಸಾಲದು. 2019ರಿಂದ 2023ರವರೆಗೆ ನಾಲ್ಕು ಸೀಸನ್. ಎರಡನೇ ಸೀಸನ್ನಿನ ಶುರುವಿನಲ್ಲೇ ಕ್ಲಮೀಡಿಯ ಅನ್ನೋ ಲೈಂಗಿಕ ಸೋಂಕು ಗಾಳಿಯಲ್ಲಿ ಹರಡುತ್ತದೆ ಅಂದುಕೊಂಡು ಶಾಲೆಯ ಮಕ್ಕಳೆಲ್ಲ ಮಾಸ್ಕ್ ಹಾಕಿ ಓಡಾಡುವ ದೃಶ್ಯ ಇದೆ. ಅದನ್ನು ನೋಡಿ ನಕ್ಕ ಮೇಲೆ "ಹಾಗಾದರೆ ಹೇಗೆ ಹರಡುತ್ತೆ?" ಅಂತ ಕೇಳೋದು ಸುಲಭ. ಅದೇ ಸೀಸನ್ನಿನಲ್ಲಿ ಏಮಿ ಅನ್ನೋ ಹುಡುಗಿಗೆ ಬಸ್ಸಿನಲ್ಲಿ ಆಗುವ ದೌರ್ಜನ್ಯ, ಆಮೇಲೆ ಅವಳು ಬಸ್ ಹತ್ತಲಾರದೆ ಹೋಗೋದು ತುಂಬ ಸರಿಯಾಗಿ ಬಂದಿದೆ. ತೊಡಕೇನೆಂದರೆ, ಅಲ್ಲಿ ಒಂದು ಮಾತುಕತೆಯಲ್ಲಿ ಸಮಸ್ಯೆ ಬಗೆಹರಿಯುತ್ತದೆ. ನಿಜದಲ್ಲಿ ಯೋನಿ ಬಿಗಿತಕ್ಕೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗಬಹುದು.

ವಿಷಯವೇ ಬೇಕಿದ್ದರೆ 'ದ ಪ್ರಿನ್ಸಿಪಲ್ಸ್ ಆಫ್ ಪ್ಲೆಶರ್' (2022) ನೋಡಿ, ಮೂರೇ ಕಂತು. ಅದಕ್ಕೂ ಹಗುರವಾಗಿ ಬೇಕೆಂದರೆ 'ಸೆಕ್ಸ್, ಎಕ್ಸ್‌ಪ್ಲೇನ್ಡ್' (2020), ಐದು ಸಣ್ಣ ಕಂತು. ಗರ್ಭನಿರೋಧಕ ಮತ್ತು ಫಲವಂತಿಕೆಯ ಕಂತುಗಳನ್ನು ಮೊದಲು ನೋಡಿ.

ಪ್ರಶ್ನೆ: ಪಾಡ್‌ಕಾಸ್ಟ್‌ನಲ್ಲಿ ಒಳ್ಳೆಯದು ಯಾವುದೂ ಇಲ್ವಾ ಹಾಗಾದರೆ?

ಉತ್ತರ (ಲೈಂಗಿಕ ಚಿಕಿತ್ಸಕಿ): ಇದೆ. ಜೋಡಿಗಳ ಚಿಕಿತ್ಸಕಿ ಎಸ್ತರ್ ಪೆರೆಲ್ ಅವರ 'ವೇರ್ ಶುಡ್ ವಿ ಬಿಗಿನ್?' 2017ರಿಂದ ಬರುತ್ತಿದೆ. ನಿಜವಾದ ಜೋಡಿಗಳು, ಹೆಸರಿಲ್ಲದೆ, ಒಂದೇ ಸಲದ ಭೇಟಿ. ಪ್ರಶ್ನೆ ಕೇಳುವ ಬಗೆ ಕಲಿಯಲು ಇದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ಕತ್ತರಿಸಿ ಜೋಡಿಸಿದ ಒಂದು ಭೇಟಿ ಅದು, ಚಿಕಿತ್ಸೆ ಅಂದರೆ ಇಷ್ಟೇ ಅಂದುಕೊಳ್ಳಬೇಡಿ. ಅಂಕಣಕಾರ ಡ್ಯಾನ್ ಸ್ಯಾವೇಜ್ ಅವರ 'ಸ್ಯಾವೇಜ್ ಲವ್‌ಕಾಸ್ಟ್' 2006ರಿಂದ ಇದೆ. ನೇರ ಮಾತು, ಮುಜುಗರ ಕಳೆಯುತ್ತದೆ. ಅವರು ವೈದ್ಯರಲ್ಲ, ಔಷಧಿ ವಿಷಯಕ್ಕೆ ಅವರನ್ನು ಆಧಾರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಎಲ್ಲ ಕಡೆ 'ಸೆನ್ಸೇಟ್ ಫೋಕಸ್' ಅಂತ ಹೇಳ್ತಾರೆ, ಹೇಗೆ ಮಾಡೋದು ಅಂತ ಯಾರೂ ಹೇಳೋದಿಲ್ಲ.

ಉತ್ತರ (ಲೈಂಗಿಕ ಚಿಕಿತ್ಸಕಿ): ಸಂಭೋಗದ ಗುರಿ ಬಿಟ್ಟು ಸ್ಪರ್ಶದ ಮೇಲಷ್ಟೇ ಗಮನ ಇಡುವ ಅಭ್ಯಾಸ ಅದು; ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರ 'ಹ್ಯೂಮನ್ ಸೆಕ್ಶುಯಲ್ ಇನ್‌ಅಡಿಕ್ವಸಿ'ಯಲ್ಲಿ ಕೊಟ್ಟ ವಿಧಾನ. ಮೂಲ ಓದೋದು ಕಷ್ಟ. ವೈನರ್ ಮತ್ತು ಏವರಿ-ಕ್ಲಾರ್ಕ್ ಅವರ 2017ರ ಸಚಿತ್ರ ಕೈಪಿಡಿ ಇದೆ, ಅದು ಚಿಕಿತ್ಸಕರಿಗೆಂದೇ ಬರೆದದ್ದಾದರೂ ಓದಬಹುದು.

ಮೊದಲ ಷರತ್ತು: ಸಂಭೋಗಕ್ಕೆ ಇಬ್ಬರೂ ಒಪ್ಪಿ ಪೂರ್ಣ ವಿರಾಮ. ವಾರಕ್ಕೆ ಎರಡು ಮೂರು ಸಲ, ದಣಿದು ಬಿದ್ದ ರಾತ್ರಿ ಅಲ್ಲ, ಮೊದಲೇ ಗೊತ್ತುಮಾಡಿದ ಹೊತ್ತಿನಲ್ಲಿ. ಒಬ್ಬರು ಮುಟ್ಟುವವರು, ಒಬ್ಬರು ಮುಟ್ಟಿಸಿಕೊಳ್ಳುವವರು, ಸುಮಾರು ಹದಿನೈದು ನಿಮಿಷ, ಆಮೇಲೆ ಅದಲುಬದಲು. ಮೊದಲ ಹಂತದಲ್ಲಿ ಸ್ತನ, ಜನನಾಂಗ ಬಿಟ್ಟು ಉಳಿದ ಮೈ. ಗಮನ ಇಡಬೇಕಾದ್ದು ಮೂರರ ಮೇಲೆ: ಬಿಸಿ-ತಂಪು, ಒತ್ತಡ, ನುಣುಪು-ಒರಟು. ಮನಸ್ಸು ಬೇರೆಡೆ ಓಡಿದರೆ ಮತ್ತೆ ಈ ಮೂರಕ್ಕೆ ತನ್ನಿ. ಎರಡನೇ ಹಂತದಲ್ಲಿ ಸ್ತನ, ಜನನಾಂಗ ಸೇರುತ್ತವೆ, ಪರಾಕಾಷ್ಠೆಯ ಗುರಿ ಮಾತ್ರ ಇರೋದಿಲ್ಲ. ಮುಟ್ಟಿಸಿಕೊಳ್ಳುವವರು ತಮ್ಮ ಕೈಯನ್ನು ಇನ್ನೊಬ್ಬರ ಕೈಮೇಲಿಟ್ಟು ಎಲ್ಲಿ, ಎಷ್ಟು ಅಂತ ತೋರಿಸಬಹುದು. ಆಮೇಲೆ ಇಬ್ಬರೂ ಒಟ್ಟಿಗೆ ಮುಟ್ಟೋದು, ನಂತರ ಅಲುಗಾಡದೆ ಪ್ರವೇಶ ಮಾತ್ರ, ಕೊನೆಗೆ ಚಲನೆ. ಹಿಂದಿನ ಹಂತ ನಿರಾಳವಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಕೆಡುವುದು ಹೆಚ್ಚಾಗಿ ಒಂದೇ ಕಡೆ. ಮೂರನೇ ಸಲಕ್ಕೆ ಉದ್ರೇಕ ಬಂತು, ಇವತ್ತೊಂದು ದಿನ ಇರಲಿ ಅಂತ ಸಂಭೋಗ ಮಾಡಿಬಿಡ್ತಾರೆ. ಅಲ್ಲಿಗೆ ಮುಟ್ಟಿದ್ದೆಲ್ಲ ಮತ್ತೆ 'ಅದಕ್ಕೆ ಪೀಠಿಕೆ' ಆಗುತ್ತದೆ, ಮುಂದಿನ ಸಲ ಮುಟ್ಟಿದ ಕೂಡಲೇ ಆತಂಕ ಮರಳುತ್ತದೆ. ಎರಡನೇ ತಪ್ಪು, ಮಸಾಜ್ ಮಾಡಿ "ಚೆನ್ನಾಗಿದೆಯಾ?" ಅಂತ ಕೇಳ್ತಾ ಇರೋದು. ಮುಟ್ಟುವವರು ಇನ್ನೊಬ್ಬರನ್ನು ಮೆಚ್ಚಿಸೋಕಲ್ಲ, ತಮ್ಮ ಕುತೂಹಲಕ್ಕೆ ಮುಟ್ಟಬೇಕು. ಇಷ್ಟವಾಗದ್ದು ಇದ್ದರೆ ಮುಟ್ಟಿಸಿಕೊಳ್ಳುವವರು ಹೇಳಲಿ, ಇಲ್ಲದಿದ್ದರೆ ಮೌನವೇ ಸಾಕು. ಹಿಂದೆ ದೌರ್ಜನ್ಯ ಅನುಭವಿಸಿದವರಿದ್ದರೆ ಚಿಕಿತ್ಸಕರ ಜೊತೆಗೇ ಮಾಡಿ.

ಪ್ರಶ್ನೆ: ಹಳೇ ಪುಸ್ತಕ ಸಿಕ್ಕಿದೆ. ನಂಬಬಹುದೋ ಇಲ್ಲವೋ ಅಂತ ಗೊತ್ತಾಗೋದು ಹೇಗೆ?

ಉತ್ತರ (ಮೂತ್ರರೋಗ ತಜ್ಞ): ನೇರವಾಗಿ ಹಸ್ತಮೈಥುನದ ಪುಟ ತೆಗೆಯಿರಿ. ನಿಶ್ಶಕ್ತಿ, ನರದೌರ್ಬಲ್ಯ ಅಂತ ಬರೆದಿದ್ದರೆ ಮುಚ್ಚಿಡಿ. ಸಲಿಂಗಪ್ರೇಮ ರೋಗ ಅಂದಿದ್ದರೂ ಅಷ್ಟೇ: ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ರೋಗಪಟ್ಟಿಯಿಂದ ತೆಗೆದವು. ಚಂದ್ರನಾಡಿಯನ್ನು (ಕ್ಲಿಟೋರಿಸ್) ಬಟಾಣಿಯಷ್ಟು ಚಿಕ್ಕ ಅಂಗ ಎಂದಷ್ಟೇ ಬರೆದಿದ್ದರೆ ಅದು ಹಳತು. ಅದರ ದೊಡ್ಡ ಭಾಗ ಒಳಗಿದೆ ಅಂತ ಶಸ್ತ್ರಚಿಕಿತ್ಸಕಿ ಹೆಲೆನ್ ಓ'ಕಾನೆಲ್ 1998ರಲ್ಲಿ ವಿವರವಾಗಿ ತೋರಿಸಿದರು. 'ಜಾಯ್ ಆಫ್ ಸೆಕ್ಸ್' 1972ರದ್ದು, ಏಡ್ಸ್ ಗೊತ್ತಾಗುವ ಮೊದಲಿನದು. ಓದುವುದಾದರೆ 2008ರ ಪರಿಷ್ಕೃತ ರೂಪ ಓದಿ. ಕಾಮಸೂತ್ರದ ಏಳು ಅಧಿಕರಣಗಳಲ್ಲಿ ಸಂಭೋಗದ ಬಗ್ಗೆ ಇರೋದು ಎರಡನೆಯದು ಮಾತ್ರ. ಇತಿಹಾಸವಾಗಿ ಓದಿ, ಕೈಪಿಡಿಯಾಗಿ ಅಲ್ಲ.

ಪ್ರಶ್ನೆ: ಮಕ್ಕಳು ಕೇಳೋ ಪ್ರಶ್ನೆಗೆ ಏನಾದರೂ ಇದೆಯಾ ಮೇಡಂ?

ಉತ್ತರ (ಲೈಂಗಿಕ ಚಿಕಿತ್ಸಕಿ): ರೋಬಿ ಹ್ಯಾರಿಸ್ ಬರೆದ ಮೂರು ಪುಸ್ತಕ. ನಾಲ್ಕು ವರ್ಷದಿಂದ 'ಇಟ್ಸ್ ನಾಟ್ ದ ಸ್ಟಾರ್ಕ್', ಏಳರಿಂದ 'ಇಟ್ಸ್ ಸೋ ಅಮೇಜಿಂಗ್', ಹತ್ತು ದಾಟಿದ ಮೇಲೆ 'ಇಟ್ಸ್ ಪರ್ಫೆಕ್ಟ್‌ಲಿ ನಾರ್ಮಲ್'. ಮೊದಲು ನೀವು ಒಬ್ಬರೇ ಪೂರ್ತಿ ಓದಿ, ಯಾವ ಪುಟದಲ್ಲಿ ನಿಮ್ಮ ಬಾಯಿ ಕಟ್ಟುತ್ತದೆ ನೋಡಿಕೊಳ್ಳಿ. ಅಂಗಗಳ ಹೆಸರು ಕನ್ನಡದಲ್ಲಿ ಶಿಶ್ನ, ಯೋನಿ ಅಂತಲೇ ಹೇಳಿ. ಮುದ್ದು ಹೆಸರು ಮಾತ್ರ ಗೊತ್ತಿರುವ ಮಗುವಿಗೆ ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಎಲ್ಲಿ ಅಂತ ಹೇಳಲು ಬರೋದಿಲ್ಲ. ಒಂದೇ ಕೂತಲ್ಲಿ ಮುಗಿಸಬೇಡಿ; ಕೇಳಿದ್ದಕ್ಕೆ ಎರಡು ವಾಕ್ಯದ ಉತ್ತರ ಕೊಟ್ಟು, ಪುಸ್ತಕವನ್ನು ಮಗುವಿನ ಕೈಗೆ ಸಿಗುವ ಕಪಾಟಿನಲ್ಲೇ ಇಡಿ.

ಪ್ರಶ್ನೆ: ಇವೆಲ್ಲ ಆಡಿಯೊಬುಕ್‌ನಲ್ಲಿ ಕೇಳಿದರೆ ಆಗುತ್ತಾ?

ಉತ್ತರ (ಲೈಂಗಿಕ ಚಿಕಿತ್ಸಕಿ): ಪೆರೆಲ್ ಅವರದ್ದು ಹೇಗೂ ಕೇಳೋದೇ. ನಗೋಸ್ಕಿಗೆ ಪುಸ್ತಕ, ಪೆನ್ನು ಎರಡೂ ಬೇಕು.