ಸಹಾಯ ಬೇಕು: ರೇಡಿಯೊ ವಾಲ್ವ್‌ಗಳ (ನಿರ್ವಾತ ಕೊಳವೆಗಳ) ಮಾಹಿತಿಗೆ ಯಾವ ಮುದ್ರಿತ ಕೈಪಿಡಿ ಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾನು ದುರಸ್ತಿ ಮಾಡುತ್ತಿರುವ ಎರಡು ಹಳೆಯ ರೇಡಿಯೊಗಳ ಪೈಕಿ ಒಂದರಲ್ಲಿ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆಯ ಇಸಿಎಚ್81, ಇಬಿಎಫ್89, ಇಸಿಎಲ್82 ವಾಲ್ವ್‌ಗಳಿದ್ದರೆ, ಇನ್ನೊಂದರಲ್ಲಿ 6ಎಸ್‌ಎ7, 6ವಿ6ನಂತಹ ಅಮೆರಿಕನ್ ಆಕ್ಟಲ್ (ಎಂಟು ಪಿನ್ ಬುಡದ) ವಾಲ್ವ್‌ಗಳಿವೆ. ಅಂತರ್ಜಾಲದಲ್ಲಿ ದೊರೆತ, ಇವುಗಳ ಮಾಹಿತಿ ಪುಟಗಳ ಸ್ಕ್ಯಾನ್ ಪ್ರತಿಗಳನ್ನು ಮುದ್ರಿಸಿಕೊಂಡಿದ್ದೇನೆ. ಅವುಗಳಲ್ಲಿ ಪಿನ್ ಜೋಡಣೆಯನ್ನು ಓದಬಹುದಾದರೂ, ಪ್ಲೇಟ್ ವೋಲ್ಟೇಜ್ ಮತ್ತು ಕರೆಂಟಿನ ವಕ್ರರೇಖೆಗಳು ಮಸುಕಾಗಿ ಒಂದರಲ್ಲೊಂದು ಬೆರೆತುಹೋಗಿವೆ. ಔಟ್‌ಪುಟ್ ಹಂತದ (ಸ್ಪೀಕರ್ ನಡೆಸುವ ಕೊನೆಯ ಹಂತದ) ಬಯಾಸ್, ಅಂದರೆ ವಾಲ್ವ್‌ನ ಗ್ರಿಡ್‌ಗೆ ಕೊಡಬೇಕಾದ ಸ್ಥಿರ ವೋಲ್ಟೇಜ್, ಲೆಕ್ಕ ಹಾಕಲು ನನಗೆ ಬೇಕಾಗಿರುವುದು ಆ ರೇಖೆಗಳೇ.

ಅಮೆರಿಕದ ಆರ್‌ಸಿಎ ಕಂಪನಿಯ ರಿಸೀವಿಂಗ್ ಟ್ಯೂಬ್ ಮ್ಯಾನ್ಯುಯಲ್‌ನ ಕೊನೆಯ ಆವೃತ್ತಿಯಾದ ಆರ್‌ಸಿ-30 (1975) ಕೊಳ್ಳೋಣವೆಂದರೆ, ಆ ವೇಳೆಗೆ ಬಳಕೆ ತಪ್ಪಿದ್ದ ಅನೇಕ ವಾಲ್ವ್‌ಗಳನ್ನು ಅದರಲ್ಲಿ ಕೋಷ್ಟಕದ ಸಾಲುಗಳಿಗೆ ಇಳಿಸಲಾಗಿದೆ. ಜನರಲ್ ಎಲೆಕ್ಟ್ರಿಕ್‌ನ ಎಸೆನ್ಷಿಯಲ್ ಕ್ಯಾರಕ್ಟರಿಸ್ಟಿಕ್ಸ್ ಕೈಯಲ್ಲಿ ಹಿಡಿದು ನೋಡಲು ಅನುಕೂಲ, ಆದರೆ ಅದು ಮುಖ್ಯವಾಗಿ ಅಂಕಿಗಳ ಪುಸ್ತಕ. ಇಸಿಎಲ್82ಕ್ಕೆ 6ಬಿಎಂ8, ಇಸಿಎಚ್81ಕ್ಕೆ 6ಎಜೆ8 ಎಂಬ ಅಮೆರಿಕನ್ ಹೆಸರುಗಳಿರುವುದರಿಂದ ಹುಡುಕುವುದು ಕಷ್ಟವಲ್ಲ. ಆ ಹೆಸರಿನಡಿ ಪೂರ್ಣ ವಕ್ರರೇಖೆಗಳನ್ನು ಕೊಟ್ಟಿರುತ್ತಾರೆಯೇ ಎಂಬುದೇ ನನ್ನ ಗೊಂದಲ. ಹಳೆಯ ಪುಸ್ತಕಗಳ ಬೆಲೆಯಲ್ಲಿ ಎರಡನ್ನು ಕೊಳ್ಳುವುದು ಸದ್ಯಕ್ಕೆ ಆಗದ ಮಾತು.

ಈ ಪುಸ್ತಕಗಳನ್ನು ಬಳಸಿರುವವರು ದಯವಿಟ್ಟು ತಿಳಿಸಿ: ಮೇಲಿನ ಎರಡೂ ಗುಂಪಿನ ವಾಲ್ವ್‌ಗಳ ವಕ್ರರೇಖೆಗಳು ಒಂದೇ ಕಡೆ ಸಿಗಬೇಕಾದರೆ ಆರ್‌ಸಿಎ ಕೈಪಿಡಿಯ ಯಾವ ಆವೃತ್ತಿ ಸೂಕ್ತ, ಅಥವಾ ಯುರೋಪಿನ ಫಿಲಿಪ್ಸ್ ಇಲ್ಲವೇ ಮಲ್ಲಾರ್ಡ್ ಕೈಪಿಡಿಯನ್ನೇ ಆರಿಸಬೇಕೇ?