ಬನ್ಸಿನ ಆಸೆ, ಚೆಂಡೆಯಂಥ ಹೊಟ್ಟೆ: ಲೋ ಫಾಡ್‌ಮ್ಯಾಪ್ ಪಥ್ಯ ಮಾಡಿದವರು ಹೇಳಿ

ನಾನು ಉಡುಪಿಯವನು. ನಾಲ್ಕೈದು ವರ್ಷದಿಂದ ಹೊಟ್ಟೆ ಉಬ್ಬರ. ಒಂದು ವಾರ ಭೇದಿ, ಮುಂದಿನ ವಾರ ಮಲಬದ್ಧತೆ. ಡಾಕ್ಟ್ರು ಐಬಿಎಸ್ ಅಂದರು, ಅಂದರೆ ಕರುಳು ಸುಮ್ಮನೆ ಕೆರಳುವ ತೊಂದರೆ. ಡಯಟಿಷಿಯನ್ ಲೋ ಫಾಡ್‌ಮ್ಯಾಪ್ ಪಥ್ಯ ಕೊಟ್ಟರು, ಅಂದರೆ ಸರಿಯಾಗಿ ಜೀರ್ಣವಾಗದೆ ಗ್ಯಾಸ್ ಮಾಡುವ ಕೆಲವು ಬಗೆಯ ಸಕ್ಕರೆ ಇರುವುದನ್ನು ಬಿಡುವುದು. ನೀರುಳ್ಳಿ, ಬೆಳ್ಳುಳ್ಳಿ, ಗೋಧಿ, ಮೈದಾ, ಹಾಲು, ಬೇಳೆ, ಮಾವಿನಹಣ್ಣು ಎಲ್ಲ ಬಂದ್. ಇವತ್ತಿಗೆ ಹದಿನೆಂಟು ದಿನ. ಮೊದಲ ವಾರ ಹೊಟ್ಟೆ ಹಗುರವಾಗಿತ್ತು. ಈಗ ಮತ್ತೆ ಎರಡು ದಿನಕ್ಕೊಮ್ಮೆ ಚೆಂಡೆ. ಯಾವುದರಿಂದ ಅಂತ ಗೊತ್ತಾಗುತ್ತಿಲ್ಲ. ಅದಕ್ಕಿಂತ ಕಷ್ಟ ಬಾಯಿಚಪಲದ್ದು. ಸಂಜೆ ನಾಲ್ಕಾದರೆ ಬನ್ಸ್, ಗೋಳಿಬಜೆ ಕಣ್ಣ ಮುಂದೆ ಬರುತ್ತವೆ. ಮೊನ್ನೆ ತಡೆಯದೆ ಎರಡು ಬನ್ಸ್ ತಿಂದೆ, ರಾತ್ರಿ ಇಡೀ ನಿದ್ದೆ ಇಲ್ಲ. ನೀವೆಲ್ಲ ಹೇಗೆ ಸುಧಾರಿಸಿದಿರಿ?

*

ಮಂಗಳೂರಿನಿಂದ, ಮೂರು ವರ್ಷದ ಹಿಂದೆ ಇದೇ ಪಥ್ಯ ಮಾಡಿದವಳು:

ಬನ್ಸ್ ತಿಂದದ್ದಕ್ಕೆ ಬೇಜಾರು ಮಾಡಬೇಡಿ ಮಾರಾಯ್ರೆ. ಆದರೆ ಅದೇ ಯಾಕೆ ಅಷ್ಟು ಕಾಡಿತು ಅಂತ ನೋಡಿ. ಬನ್ಸಿಗೆ ಹಾಕುವುದು ಸಿಪ್ಪೆ ಕಪ್ಪಾದ ಬಾಳೆಹಣ್ಣು. ಬಾಳೆಹಣ್ಣು ಹಣ್ಣಾದಷ್ಟೂ ಅದರಲ್ಲಿ ಫ್ರಕ್ಟಾನ್ ಅನ್ನುವ, ಜೀರ್ಣವಾಗದ ಸಕ್ಕರೆ ಜಾಸ್ತಿ. ಮೈದಾದಲ್ಲೂ ಅದೇ ಫ್ರಕ್ಟಾನ್. ಮೇಲಿಂದ ಮೊಸರು. ಪಥ್ಯದವರಿಗೆ ಬೇಡದ್ದನ್ನೆಲ್ಲ ಒಟ್ಟು ಕಲಸಿ ಎಣ್ಣೆಗೆ ಬಿಟ್ಟ ಹಾಗೆ.

ಇನ್ನು ಯಾವುದರಿಂದ ಅಂತ ಗೊತ್ತಾಗದ ವಿಷಯ. ನಾನೂ ಮೊದಲು ಆಗಷ್ಟೇ ತಿಂದದ್ದರ ಮೇಲೆ ತಪ್ಪು ಹೊರಿಸುತ್ತಿದ್ದೆ. ಮಧ್ಯಾಹ್ನ ಊಟ ಮುಗಿದು ಅರ್ಧ ಗಂಟೆಗೆ ಹೊಟ್ಟೆ ಉಬ್ಬಿದರೆ ತೊಂಡೆಕಾಯಿ ಪಲ್ಯ ಅಪರಾಧಿ. ಹಾಗಲ್ಲ ಅಂತ ಆಮೇಲೆ ಗೊತ್ತಾಯಿತು. ಈ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿ ಬ್ಯಾಕ್ಟೀರಿಯಾ ಹುಳಿಸಿದ ಮೇಲೆ ಗ್ಯಾಸ್ ಆಗುವುದು. ಅದಕ್ಕೆ ಗಂಟೆಗಟ್ಟಲೆ ಬೇಕು. ಮಧ್ಯಾಹ್ನದ ಚೆಂಡೆಗೆ ಬೆಳಗಿನ ತಿಂಡಿಯೋ ಹಿಂದಿನ ರಾತ್ರಿಯ ಊಟವೋ ಕಾರಣ ಆಗಿರಬಹುದು. ಹಾಗಾಗಿ ತಿಂದದ್ದು, ಹೊತ್ತು, ಹೊಟ್ಟೆಯ ಸ್ಥಿತಿ ಮೂರನ್ನೂ ಬರೆದಿಡಿ. ನಾನು ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಹತ್ತು ದಿನ ಬರೆದ ಮೇಲೆ ನನ್ನ ಕಳ್ಳ ಸಿಕ್ಕಿದ. ತಿಳಿಸಾರು! ಬೇಳೆ ಬೇಡ ಅಂದಿದ್ದಾರಲ್ಲ ಅಂತ ಅತ್ತೆ ಪಾಪ ಬೇಳೆಯನ್ನು ಕೆಳಗೆ ಬಿಟ್ಟು ಮೇಲಿನ ಕಟ್ಟಿನ ಸಾರನ್ನು ಮಾತ್ರ ಬಡಿಸುತ್ತಿದ್ದರು. ಬೇಳೆಯಲ್ಲಿ ಗ್ಯಾಸ್ ಮಾಡುವ ಸಕ್ಕರೆ ನೀರಿನಲ್ಲಿ ಕರಗುವಂಥದ್ದು. ಅದೆಲ್ಲ ಆ ಕಟ್ಟಿಗೇ ಇಳಿದಿರುತ್ತದೆ. ನಾನು ಎರಡೆರಡು ಲೋಟ ಕುಡಿಯುತ್ತಿದ್ದೆ, ಹೊಟ್ಟೆಗೆ ಹಗುರ ಅಂತ. ಬೆಳ್ಳುಳ್ಳಿಗೂ ಇದೇ ಲೆಕ್ಕ. ಗಸಿಯಲ್ಲಿ ಬೇಯಿಸಿ ಎಸಳು ಹೆಕ್ಕಿ ತೆಗೆದರೆ ಪ್ರಯೋಜನ ಇಲ್ಲ. ಎಣ್ಣೆಯಲ್ಲಿ ಮಾತ್ರ ಆ ಸಕ್ಕರೆ ಕರಗುವುದಿಲ್ಲ. ಹಾಗಾಗಿ ತೆಂಗಿನೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಹಾಕಿ, ಕೆಂಪಾದ ಮೇಲೆ ಒಂದೂ ಬಿಡದೆ ತೆಗೆದು, ಆ ಎಣ್ಣೆಯಲ್ಲಿ ಒಗ್ಗರಣೆ ಕೊಡಿ. ಪರಿಮಳ ಪೂರ್ತಿ ಸಿಗುತ್ತದೆ. ಎಣ್ಣೆ ಆಗಾಗ ಮಾಡಿಕೊಳ್ಳಿ, ಬಾಟಲಿಯಲ್ಲಿ ತುಂಬಿಸಿ ಇಡಬೇಡಿ, ಅದು ವಿಷ ಆಗುವ ಅಪಾಯ ಇದೆ. ನೀರುಳ್ಳಿ ಬೇಕೇ ಬೇಕು ಅನಿಸಿದರೆ ಎಳೆ ನೀರುಳ್ಳಿಯ ಹಸಿರು ಸೊಪ್ಪು ಮಾತ್ರ ಹೆಚ್ಚಿ ಹಾಕಿ, ಬಿಳಿ ಗಡ್ಡೆ ಬೇಡ.

*

ಉಡುಪಿಯಿಂದ, ಪಥ್ಯ ಹೆಂಡತಿಯದ್ದು, ಅಡುಗೆ ನನ್ನದು:

ನಮ್ಮ ಮನೆಯಲ್ಲಿ ಈ ಪಟ್ಟಿ ನೋಡಿ ಹೆದರದೆ ಇದ್ದವರು ಅಜ್ಜಿ ಒಬ್ಬರೇ. "ಇದೆಂತದು ಹೊಸತು, ದ್ವಿದಳ ವ್ರತದ ಅಡುಗೆ ಅಲ್ವಾ?" ಅಂದರು. ಚಾತುರ್ಮಾಸ್ಯದ ಕೊನೆಯ ತಿಂಗಳು ಮಾಧ್ವರ ಮನೆಗಳಲ್ಲಿ ಬೇಳೆಕಾಳು ಒಲೆ ಹತ್ತುವುದಿಲ್ಲ. ಮಡಿ ಅಡುಗೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಮೊದಲೇ ಇಲ್ಲ. ಅಕ್ಕಿ, ತೆಂಗಿನಕಾಯಿ, ಜೀರಿಗೆ, ಒಳ್ಳೆಮೆಣಸು, ಗಡ್ಡೆ ಇಷ್ಟರಲ್ಲೇ ಅಜ್ಜಿ ತಿಂಗಳು ದಾಟಿಸುತ್ತಿದ್ದರು. ಸುವರ್ಣಗಡ್ಡೆಗೆ ಕಾಯಿ, ಜೀರಿಗೆ ಅರೆದು ಹಾಕಿದ್ದೇ ನಮ್ಮ ಖಾಯಂ ಪದಾರ್ಥ ಆಯಿತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2005ರ ಹೊತ್ತಿಗೆ ಬರೆದ ಈ ಪಥ್ಯಕ್ಕೆ ಅಡುಗೆ ಸಿಕ್ಕಿದ್ದು ಅಜ್ಜಿಯ ಹತ್ತಿರ. ಎರಡೂ ಒಂದೇ ಅಂತ ಮಾತ್ರ ತಿಳಿಯಬೇಡಿ. ಆ ತಿಂಗಳು ಹಾಲು ಮೊಸರು ಧಾರಾಳ. ಅಜ್ಜಿಯ ಮಾತು ಕೇಳಿ ಹೆಂಡತಿ ಒಂದು ಲೋಟ ಹಾಲು ಕುಡಿದು ಎರಡು ದಿನ ಮಲಗಿದಳು. ಈಗ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇಲ್ಲದ ಹಾಲು ಪೊಟ್ಟಣದಲ್ಲಿ ಸಿಗುತ್ತದೆ, ಚಾಗೆ ಅದೇ. ತುಪ್ಪಕ್ಕೆ ತೊಂದರೆ ಇಲ್ಲ.

ಇಂಗಿನ ಡಬ್ಬಿಯ ಹಿಂದೆ ಓದಿ, ಹೆಚ್ಚಿನವಕ್ಕೆ ಮೈದಾ ಸೇರಿಸಿರುತ್ತಾರೆ. ಚಿಟಿಕೆ ಇಂಗಿಗೆ ಇವಳಿಗೆ ಏನೂ ಆಗಲಿಲ್ಲ.

*

ಸುರತ್ಕಲ್‌ನಿಂದ:

ಆಸೆ ಅಂತ ನೀವು ಹೇಳುವುದರಲ್ಲಿ ಅರ್ಧ ಬರೀ ಹಸಿವು. ನಾನು ಮೊದಲ ಎರಡು ವಾರ ಹೆದರಿ ಹೆದರಿ ಗಂಜಿ, ಸೌತೆಕಾಯಿ ಮಾತ್ರ ತಿಂದೆ. ನಾಲ್ಕು ಗಂಟೆಗೆ ಕೈಕಾಲು ನಡುಗುತ್ತಿತ್ತು, ಗೋಳಿಬಜೆ ಅಂಗಡಿ ದಾಟಲು ಆಗುತ್ತಿರಲಿಲ್ಲ. ಮಧ್ಯಾಹ್ನ ಹೊಟ್ಟೆ ತುಂಬಾ ಕುಚ್ಚಲಕ್ಕಿ ಅನ್ನ, ಎರಡು ಬಂಗುಡೆ ತಿನ್ನಲು ಶುರು ಮಾಡಿದ ಮೇಲೆ ಆ ನಡುಕ ಹೋಯಿತು. ಮೀನಿನಲ್ಲಿ ಈ ಸಕ್ಕರೆಗಳೇ ಇಲ್ಲ, ಮಸಾಲೆಗೆ ಬೆಳ್ಳುಳ್ಳಿ ಬೀಳದಿದ್ದರೆ ಆಯಿತು. ಸಂಜೆಗೆ ನೀರುದೋಸೆ, ಕಾಯಿಬೆಲ್ಲ. ದೋಸೆ ಕಾವಲಿಯಿಂದ ಎದ್ದ ಕೂಡಲೇ ಮಡಚಿ, ಮಡಿಕೆಯೊಳಗೆ ಕಾಯಿಬೆಲ್ಲ ತುಂಬಿಸಿ, ಬೆಲ್ಲ ಸ್ವಲ್ಪ ಕರಗಿ ಅಂಚಿನಿಂದ ಇಳಿಯುವಾಗ ತಿನ್ನಬೇಕು. ಬನ್ಸ್ ಅಲ್ಲ, ಒಪ್ಪುತ್ತೇನೆ. ಆದರೆ ಸಿಹಿ ಇದೆ, ಬಿಸಿ ಇದೆ, ಕೈಗೆ ಅಂಟುತ್ತದೆ.

ಸುಮ್ನೆ ಒಂದು ಪ್ರಶ್ನೆ. ಆಸೆ ತಡೆಯಲು ಬಾಯಿಗೆ ಏನಾದರೂ ಹಾಕಿಕೊಳ್ಳುತ್ತೀರಾ?

*

ಮಣಿಪಾಲದಿಂದ, ಚುಟುಕಾಗಿ:

ಗೋಧಿ ಪೂರ್ತಿ ಬಿಡುವ ಮೊದಲು ಸೀಲಿಯಾಕ್ (ಗೋಧಿಯ ಗ್ಲುಟನ್‌ನಿಂದ ಕರುಳು ಹಾಳಾಗುವ ಕಾಯಿಲೆ) ರಕ್ತಪರೀಕ್ಷೆ ಆಗಿದೆಯಾ ಕೇಳಿ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಮಲದಲ್ಲಿ ರಕ್ತ, ತಾನಾಗಿ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಪಥ್ಯ ಬದಿಗಿಟ್ಟು ಡಾಕ್ಟ್ರ ಹತ್ತಿರ ಹೋಗಿ.

ಇನ್ನೊಂದು. ಬಿಡುವ ಹಂತ 2ರಿಂದ 6 ವಾರ ಮಾತ್ರ. ಆಮೇಲೆ ಒಂದೊಂದೇ ವಾಪಸ್ ತರಬೇಕು. ಒಂದು ಪದಾರ್ಥ, ಮೂರು ದಿನ, ದಿನಕ್ಕೆ ಸ್ವಲ್ಪ ಜಾಸ್ತಿ. ನಡುವೆ ಎರಡು ಮೂರು ದಿನ ಬಿಡುವು. ನಾನು ಹೆದರಿ ಒಂದು ವರ್ಷ ಮೊದಲ ಹಂತದಲ್ಲೇ ಕೂತಿದ್ದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಈ ಸಕ್ಕರೆಗಳೇ ಆಹಾರ, ಉಪವಾಸ ಕೆಡವಿದರೆ ಅವೂ ಕಡಿಮೆ ಆಗುತ್ತವೆ. ಕೊನೆಗೆ ಪರೀಕ್ಷೆ ಮಾಡಿ ನೋಡಿದರೆ ನನಗೆ ಹಾಲು ಪೂರ್ತಿ ಆಗುತ್ತಿತ್ತು. ವರ್ಷವಿಡೀ ಹಾಲಿಲ್ಲದ ಕಣ್ಣ ಚಾ ಕುಡಿದದ್ದು ದಂಡ.

*

ಕೇಳಿದವನು:

ಎಲ್ಲರಿಗೂ ಥ್ಯಾಂಕ್ಸ್. ಸೀಲಿಯಾಕ್ ಪರೀಕ್ಷೆ ಮೊದಲೇ ಆಗಿತ್ತು, ಇಲ್ಲ ಅಂತ ಬಂದಿದೆ. ತಿಳಿಸಾರು ನಾನು ಕುಡಿಯುವುದಿಲ್ಲ. ಸುರತ್ಕಲ್‌ನವರ ಪ್ರಶ್ನೆ ಓದಿ ಕಿಸೆಗೆ ಕೈ ಹಾಕಿದೆ. ಎರಡನೇ ವಾರದಿಂದ ಬನ್ಸ್ ನೆನಪಾದಾಗೆಲ್ಲ ಶುಗರ್‌ಫ್ರೀ ಚೂಯಿಂಗ್ ಗಮ್ ಜಗಿಯುತ್ತಿದ್ದೆ. ದಿನಕ್ಕೆ ಆರೇಳು. ಪೊಟ್ಟಣ ಬೆಳಕಿಗೆ ಹಿಡಿದು ಓದಿದೆ. ಮೊದಲನೇ ಹೆಸರು ಸಾರ್ಬಿಟಾಲ್, ಮೂರನೆಯದು ಮ್ಯಾನಿಟಾಲ್. ಡಯಟಿಷಿಯನ್ ಕೊಟ್ಟ ಹಾಳೆ ತೆಗೆದು ನೋಡಿದರೆ ಬಿಡಬೇಕಾದವುಗಳ ಕೊನೇ ಸಾಲಿನಲ್ಲಿ ಎರಡೂ ಇವೆ. ನಾನು ಆ ಹಾಳೆಯನ್ನು ಮಾವಿನಹಣ್ಣಿನ ತನಕ ಮಾತ್ರ ಓದಿದ್ದೆ.

ನಾಳೆಗೆ ಅಕ್ಕಿ ನೆನೆಹಾಕಿದ್ದೇನೆ. ಕಾವಲಿಗೆ ನೀರುದೋಸೆ ಹಿಡಿಯದ ಹಾಗೆ ಏನು ಮಾಡುತ್ತೀರಿ, ಅದೊಂದು ಹೇಳಿ.